ಸೀಲಿಲ್ಲದ ಕಾಗದ, ನೋಡದೇ ಒತ್ತಿದ ಸೀಲು

ಸಂಪಾದಕರಿಗೆ ನಮಸ್ಕಾರ.

ನಾನು ಮಧುಗಿರಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ಮೊದಲು ಒಂದು ಟೈಪಿಂಗ್ ಮೆಷಿನ್ ಇತ್ತು. ಅರ್ಜಿ, ಅಫಿಡವಿಟ್, ಕರಾರು ಪತ್ರ ಹೊಡೆದುಕೊಡುತ್ತಿದ್ದೆ. ಆಮೇಲೆ ಜೆರಾಕ್ಸ್ ಮೆಷಿನ್ ಬಂತು. ಈಗ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಲ್ಯಾಮಿನೇಷನ್ ಮೆಷಿನ್. ಬೆಟ್ಟ ಹತ್ತೋಕೆ ಊರಿಗೆ ಬರುವವರು ನನ್ನ ಅಂಗಡಿ ಕಡೆ ಬರುವುದಿಲ್ಲ. ನನ್ನ ಗಿರಾಕಿಗಳೆಲ್ಲ ಕಚೇರಿ ಕೆಲಸಕ್ಕೆ ಬಂದವರು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದು ಕೈಯಲ್ಲಿ ಫೋನು. ಆ ಕವರು ಬಿಚ್ಚಿದರೆ ಒಂದು ಸಂಸಾರದ ಕಥೆ ಪೂರ್ತಿ ಇರುತ್ತೆ.

ಡಿಜಿಟಲ್ ಸಹಿಯ ವಿಷಯ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ.

ನನ್ನ ತಂಗಿ ಮಗಳಿಗೆ ತುಮಕೂರಿನಲ್ಲಿ ಡಿಗ್ರಿ ಸೀಟು ಆಯಿತು. ಫೀಸು ರಿಯಾಯಿತಿಗೆ ಜಾತಿ ಮತ್ತು ಆದಾಯದ ಪ್ರಮಾಣಪತ್ರ ಬೇಕಿತ್ತು. ನಾಡಕಚೇರಿಯಿಂದ ಆನ್‌ಲೈನ್‌ನಲ್ಲಿ ಬಂದಿತ್ತು, ನಾನೇ ಪ್ರಿಂಟ್ ತೆಗೆದುಕೊಟ್ಟೆ. ಜೊತೆಗೆ ಅವರಪ್ಪನ ಇ-ಆಧಾರ್. ಬೆಳಗಿನ ಬಸ್ಸಿಗೆ ಅಪ್ಪ ಮಗಳು ಹೊರಟರು. ಮಗಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಆವತ್ತಿನ ಕೂಲಿ ಬಿಟ್ಟು ಬಂದ ಅಪ್ಪನಿಗೆ ಅಲ್ಲ. ಹನ್ನೊಂದೂವರೆಗೆ ಕೌಂಟರಿನ ಮುಂದಿನಿಂದಲೇ ಭಾವ ಫೋನ್ ಮಾಡಿದರು.

"ಇದು ಜೆರಾಕ್ಸ್ ಅಂತೆ. ಒರಿಜಿನಲ್ ತರಬೇಕಂತೆ."

"ಅದೇ ಒರಿಜಿನಲ್ ಅಂತ ಹೇಳಿ ಭಾವ. ಕೆಳಗಡೆ ಬರೆದಿದೆ ನೋಡಿ, ಡಿಜಿಟಲ್ ಸಹಿ ಆಗಿದೆ ಅಂತ."

"ಒರಿಜಿನಲ್ ಅಂದ್ರೆ ಸೀಲು ಇರಬೇಕಂತೆ, ಇಂಕಲ್ಲಿ ರುಜು ಇರಬೇಕಂತೆ."

ಫೋನು ಅವರಿಗೇ ಕೊಡಿ ಅಂದೆ. ಕೊಟ್ಟರು. ಆ ಕಡೆಯವರು ಜೋರು ಮಾಡಲಿಲ್ಲ, ಮರ್ಯಾದೆಯಿಂದಲೇ ಮಾತಾಡಿದರು. ಪ್ರಮಾಣಪತ್ರದ ಮೇಲೆ ಆರ್‌ಡಿ ನಂಬರ್ ಇದೆ, ನಾಡಕಚೇರಿ ವೆಬ್‌ಸೈಟಿನಲ್ಲಿ ಹೊಡೆದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ ಅಂತ ಹೇಳಿದೆ. "ನೂರಾರು ಅರ್ಜಿ ಇವೆ, ಎಲ್ಲಾ ಹೊಡೆದು ನೋಡ್ತಾ ಕೂತರೆ ಆಗುತ್ತಾ?" ಅಂದರು. ಅವರ ಕಷ್ಟ ಅವರದು, ಒಪ್ಪಿಕೊಳ್ಳೋಣ. ಇ-ಆಧಾರ್ ವಿಷಯಕ್ಕೆ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟರು. "ಇದರ ಮೇಲೆ ಸಿಗ್ನೇಚರ್ ನಾಟ್ ವೆರಿಫೈಡ್ ಅಂತ ಅಚ್ಚಾಗಿದೆ. ಅವರೇ ವೆರಿಫೈ ಆಗಿಲ್ಲ ಅಂದ ಮೇಲೆ ನಾನು ಹೇಗೆ ತಗೊಳ್ಳಲಿ?"

ಈ ಮಾತಿಗೆ ನನ್ನ ಬಾಯಿ ಕಟ್ಟಿತು. ಯಾಕಂದ್ರೆ ತಪ್ಪು ಅರ್ಧ ನನ್ನದೇ.

ಇ-ಆಧಾರ್ ಇಳಿಸಿಕೊಂಡವರಿಗೆ ಗೊತ್ತಿರುತ್ತೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಇದು ಪಾಸ್‌ವರ್ಡ್. ಫೈಲು ತೆರೆದರೆ ಸಹಿ ಇರಬೇಕಾದ ಜಾಗದಲ್ಲಿ ಹಳದಿ ಬಣ್ಣದ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಅದರ ಅರ್ಥ ಸಹಿ ಸುಳ್ಳು ಅಂತ ಅಲ್ಲ. ಈ ಸಹಿಗೆ ಜಾಮೀನು ನಿಂತಿರುವ ಸಂಸ್ಥೆಯ ಪರಿಚಯ ನಮ್ಮ ಕಂಪ್ಯೂಟರಿಗೆ ಇಲ್ಲ ಅಂತ, ಅಷ್ಟೇ. ಆ ಚಿಹ್ನೆಯ ಮೇಲೆ ಕ್ಲಿಕ್ ಮಾಡಿ, ಸಹಿಯ ವಿವರಕ್ಕೆ ಹೋಗಿ, ಭಾರತ ಸರ್ಕಾರದ ಸಿಸಿಎ (ಡಿಜಿಟಲ್ ಸಹಿ ಕೊಡುವ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಕಚೇರಿ) ಕೊಟ್ಟಿರುವ ಮೂಲ ಪ್ರಮಾಣಪತ್ರವನ್ನು ನಂಬು ಅಂತ ಒಂದು ಸಲ ಹೇಳಿಕೊಟ್ಟರೆ ಸಾಕು. ಹಳದಿ ಹೋಗಿ ಹಸಿರು ಟಿಕ್ ಮಾರ್ಕ್ ಬರುತ್ತೆ. ಎರಡು ನಿಮಿಷದ ಕೆಲಸ. ಮಾಡದೇ ಪ್ರಿಂಟ್ ಒತ್ತಿದರೆ ಪ್ರಶ್ನೆಯ ಗುರುತು ಕಾಗದಕ್ಕೂ ಬಂದು ಕೂರುತ್ತೆ. ಆವತ್ತು ಅಂಗಡಿಯಲ್ಲಿ ರಶ್ ಇತ್ತು, ನಾನು ಸುಮ್ನೆ ಒತ್ತಿಬಿಟ್ಟಿದ್ದೆ.

ಆದರೆ ಇನ್ನೊಂದು ಮಾತು ಹೇಳಬೇಕು. ಹಸಿರು ಟಿಕ್ ಬಂದಿದ್ದರೂ ಆ ಕಾಗದದಿಂದ ಏನು ಗೊತ್ತಾಗುತ್ತಿತ್ತು? ಹಸಿರು ಟಿಕ್ಕನ್ನು ಯಾರು ಬೇಕಾದರೂ ಬರೆದು ಅಂಟಿಸಬಹುದು. ಡಿಜಿಟಲ್ ಸಹಿ ಇರುವುದು ಫೈಲಿನ ಒಳಗೆ, ಕಾಗದದ ಮೇಲಲ್ಲ. ಕಾಗದಕ್ಕೆ ಬಂದಿದ್ದು ಅದರ ನೆರಳು. ಪರೀಕ್ಷೆ ಮಾಡಬೇಕು ಅಂದರೆ ಫೈಲನ್ನೇ ತೆರೆಯಬೇಕು, ಇಲ್ಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು, ಇಲ್ಲ ನಂಬರ್ ಹೊಡೆದು ನೋಡಬೇಕು. ನಾವು ಮಾಡುತ್ತಿರುವುದು ಏನಪ್ಪಾ ಅಂದರೆ, ಸಹಿ ಇರುವ ಫೈಲನ್ನು ಬಿಸಾಕಿ, ಸಹಿ ಇಲ್ಲದ ಕಾಗದ ಇಟ್ಟುಕೊಂಡು, ಇದರ ಮೇಲೆ ಸಹಿ ಎಲ್ಲಿ ಅಂತ ಕೇಳುವುದು.

ಅಪ್ಪ ಮಗಳು ವಾಪಸ್ ಬಂದರು. ಮಾರನೇ ದಿನ ಪ್ರಮಾಣಪತ್ರಕ್ಕೆ ಸೀಲು ಹಾಕಿಸೋಕೆ ನಾಡಕಚೇರಿಗೆ ಹೋದರೆ, "ಡಿಜಿಟಲ್ ಆದ ಮೇಲೆ ನಾವು ಸೀಲು ಹಾಕುವ ಹಾಗಿಲ್ಲ" ಅಂದರು. ಅವರು ಹೇಳಿದ್ದೂ ಸರಿ. ಒಂದು ಕಡೆ ಸೀಲಿಲ್ಲದೆ ತಗೊಳ್ಳಲ್ಲ, ಇನ್ನೊಂದು ಕಡೆ ಸೀಲು ಹಾಕಲ್ಲ. ಭಾವ ಓದಿದವರಲ್ಲ, ಅವರು ಒಂದೇ ಮಾತು ಅಂದರು: "ದೇವರು ವರ ಕೊಟ್ಟಾಯ್ತು, ಈಗ ಪೂಜಾರಿ ಹುಡುಕಬೇಕು."

ಪೂಜಾರಿ ಸಿಕ್ಕಿದರು. ನನಗೆ ಪರಿಚಯದ ಒಬ್ಬ ಗೆಜೆಟೆಡ್ ಅಧಿಕಾರಿ. ಚಹಾ ಕುಡಿಯುತ್ತಾ ಆ ಪ್ರಿಂಟಿನ ಮೇಲೆ ಹಸಿರು ಇಂಕಿನಲ್ಲಿ ರುಜು ಹಾಕಿ, ಮೂಲ ಪ್ರತಿಯೊಂದಿಗೆ ತಾಳೆ ನೋಡಿದೆ ಅನ್ನುವ ಸೀಲು ಒತ್ತಿದರು. ಮೂಲ ಪ್ರತಿ ಎಲ್ಲಿತ್ತು ಸ್ವಾಮಿ? ನನ್ನ ಕಂಪ್ಯೂಟರಿನಲ್ಲಿ ಇತ್ತು, ಅವರು ನೋಡಲೇ ಇಲ್ಲ. ನನ್ನ ಮುಖ ನೋಡಿದರು, ರುಜು ಹಾಕಿದರು. ಆ ಕಾಗದ ತುಮಕೂರಿನ ಅದೇ ಕೌಂಟರಿನಲ್ಲಿ ಅರ್ಧ ನಿಮಿಷದಲ್ಲಿ ಪಾಸಾಯಿತು. ತಿದ್ದಿದರೆ ತಕ್ಷಣ ಸಿಕ್ಕಿಬೀಳುವ ಫೈಲಿಗೆ ಇಲ್ಲದ ಬೆಲೆ ಯಾರೂ ನೋಡದೇ ಒತ್ತಿದ ಸೀಲಿಗೆ ಇತ್ತು.

ಇಷ್ಟು ಆದ ಮೇಲೆ ಕಾನೂನು ಏನು ಹೇಳುತ್ತೆ ಅಂತ ಕೂತು ಓದಿದೆ. ಗಿರಾಕಿ ವಕೀಲರೊಬ್ಬರು ಅರ್ಥ ಆಗದ ಕಡೆ ಬಿಡಿಸಿ ಹೇಳಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದಿದ್ದು 2000ನೇ ಇಸವಿ ಅಕ್ಟೋಬರ್ 17ಕ್ಕೆ. ನಾನು ಟೈಪಿಂಗ್ ಮೆಷಿನ್ ಪಕ್ಕಕ್ಕೆ ಸರಿಸಿ ಮೊದಲ ಕಂಪ್ಯೂಟರ್ ತಂದಿದ್ದೂ ಹೆಚ್ಚೂಕಮ್ಮಿ ಆ ಹೊತ್ತಿಗೇ. ಇಪ್ಪತ್ತೈದು ವರ್ಷ ದಾಟಿದೆ. ಅದರ 4ನೇ ಸೆಕ್ಷನ್ ಪ್ರಕಾರ, ಬರಹದಲ್ಲಿ ಇರಬೇಕು ಅಂತ ಯಾವುದೇ ಕಾನೂನು ಹೇಳಿದ್ದರೆ, ಮುಂದೆ ತೆಗೆದು ನೋಡಲು ಸಿಗುವ ಎಲೆಕ್ಟ್ರಾನಿಕ್ ದಾಖಲೆ ಇದ್ದರೂ ಸಾಕು. 5ನೇ ಸೆಕ್ಷನ್ ಪ್ರಕಾರ, ಸಹಿ ಇರಬೇಕು ಅಂದಿದ್ದರೆ ನಿಯಮದ ಪ್ರಕಾರ ಹಾಕಿದ ಎಲೆಕ್ಟ್ರಾನಿಕ್ ಸಹಿ ಸಾಕು. ಓದಿ ಖುಷಿಯಾಯಿತು. ಈ ಪುಟ ಪ್ರಿಂಟ್ ತೆಗೆದು ಕೌಂಟರಿಗೆ ಅಂಟಿಸೋಣ ಅನ್ನಿಸಿತು.

ಆಮೇಲೆ 9ನೇ ಸೆಕ್ಷನ್ ಕಣ್ಣಿಗೆ ಬಿತ್ತು. ಸರ್ಕಾರದ ಇಲಾಖೆಯಾಗಲಿ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆಯಾಗಲಿ ದಾಖಲೆಯನ್ನು ಎಲೆಕ್ಟ್ರಾನಿಕ್ ರೂಪದಲ್ಲೇ ತಗೊಳ್ಳಬೇಕು ಅಂತ ಹಟ ಹಿಡಿಯುವ ಹಕ್ಕನ್ನು ಈ ಕಾಯ್ದೆ ಯಾರಿಗೂ ಕೊಡುವುದಿಲ್ಲವಂತೆ. ಅಂದರೆ ನಿಮ್ಮ ಡಿಜಿಟಲ್ ಕಾಗದಕ್ಕೆ ಬೆಲೆ ಇದೆ, ಆದರೆ ತಗೊಳ್ಳಿ ಅಂತ ನೀವು ಜಗಳ ಆಡುವ ಹಾಗಿಲ್ಲ. ನೋಟು ಅಸಲಿ, ಅಂಗಡಿಯವನು ಮಾತ್ರ ಬೇಡ ಅನ್ನಬಹುದು ಅನ್ನೋ ಹಾಗೆ. 2000ದಲ್ಲಿ ಇದನ್ನು ಯಾಕೆ ಹಾಕಿದರು ಅಂತ ಊಹಿಸೋದು ಕಷ್ಟ ಅಲ್ಲ. ಆಗ ಎಷ್ಟು ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಇತ್ತು? ಇವತ್ತು ಯಾವ ಕಚೇರಿಯಲ್ಲಿ ಇಲ್ಲ ಹೇಳಿ. ಅರ್ಜಿ ಹಾಕುವಾಗ ಆನ್‌ಲೈನ್‌ನಲ್ಲೇ ಹಾಕಿ ಅಂತ ನಮ್ಮನ್ನು ಒತ್ತಾಯ ಮಾಡುವವರು, ಕೊಡುವಾಗ ಮಾತ್ರ ಕಾಗದ ಕೇಳೋದು ಯಾವ ನ್ಯಾಯ?

ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಉದಾಹರಣೆ ರಸ್ತೆಯಲ್ಲೇ ಇದೆ. 2017ರಲ್ಲಿ, ದಾಖಲೆ ಇಟ್ಟುಕೊಳ್ಳುವ ಸರ್ಕಾರದ ಆ್ಯಪ್ ಡಿಜಿಲಾಕರ್‌ನ ನಿಯಮ ತಿದ್ದಿ, ಇಲಾಖೆಯೇ ಅದರೊಳಗೆ ಕೊಟ್ಟ ದಾಖಲೆ ಮೂಲ ಕಾಗದಕ್ಕೆ ಸಮ ಅಂತ ಮಾಡಿದರು. 2018ರಲ್ಲಿ ಕೇಂದ್ರ ಸಾರಿಗೆ ಇಲಾಖೆ, ಡಿಜಿಲಾಕರ್‌ನಲ್ಲಿ ತೋರಿಸುವ ಡಿಎಲ್, ಆರ್‌ಸಿ ಒಪ್ಪಿಕೊಳ್ಳಿ ಅಂತ ರಾಜ್ಯಗಳಿಗೆ ತಿಳಿಸಿತು. ಈಗ ಬಿಸಿಲಲ್ಲಿ ನಿಂತ ಪೊಲೀಸಿನವರು ನನ್ನ ಫೋನ್ ನೋಡಿ, ಹೋಗಿ ಅನ್ನುತ್ತಾರೆ. ಫ್ಯಾನ್ ಕೆಳಗೆ ಕಂಪ್ಯೂಟರ್ ಮುಂದೆ ಕೂತವರಿಗೆ ಆಗಲ್ಲ ಅಂದ್ರೆ ಹೇಗೆ? (ಒಂದು ಎಚ್ಚರಿಕೆ: ಡಿಜಿಲಾಕರ್‌ಗೆ ನೀವೇ ಫೋಟೋ ತೆಗೆದು ಹಾಕಿದ ಮಾರ್ಕ್ಸ್ ಕಾರ್ಡಿಗೆ ಈ ಬೆಲೆ ಇಲ್ಲ. ಇಲಾಖೆ ಕಡೆಯಿಂದ ಬಂದಿದ್ದಕ್ಕೆ ಮಾತ್ರ. ಇದು ಗೊತ್ತಿಲ್ಲದೇ ಜಗಳ ಆಡಿ ಬಂದವರನ್ನು ನೋಡಿದ್ದೇನೆ.)

ಪಹಣಿಯದೂ ಇದೇ ಕಥೆ ಅಲ್ವಾ? ಕೈಬರಹದ ಪಹಣಿ ಹೋಗಿ ಭೂಮಿ ಯೋಜನೆಯ ಕಂಪ್ಯೂಟರ್ ಪಹಣಿ ಬಂದಾಗ ನಮ್ಮ ಕಡೆ ಹಿರಿಯರು ನಂಬಲೇ ಇಲ್ಲ. ಇದಕ್ಕೇನು ಗ್ಯಾರಂಟಿ, ಮೆಷಿನ್ ಕಕ್ಕಿದ ಕಾಗದ ಅನ್ನುತ್ತಿದ್ದರು. ಆದರೆ ಸರ್ಕಾರ ಕೈಬರಹದ್ದು ಇನ್ನು ನಡೆಯಲ್ಲ ಅಂದುಬಿಟ್ಟಿತು. ಬೇರೆ ದಾರಿ ಇರಲಿಲ್ಲ, ಎಲ್ಲರೂ ಒಗ್ಗಿಕೊಂಡರು. ಈಗ ಯಾರೂ ಕೈಬರಹದ ಪಹಣಿ ಕೇಳಲ್ಲ.

ಬರೀ ಕಚೇರಿಯವರನ್ನು ಬೈದರೆ ನನ್ನ ಮಾತಿಗೆ ತೂಕ ಇರಲ್ಲ. ನಮ್ಮ ಕಡೆಯ ಹುಳುಕೂ ಹೇಳುತ್ತೇನೆ.

ವಾರಕ್ಕೊಬ್ಬರಾದರೂ ಬಂದು, "ಅಣ್ಣಾ, ಇದಕ್ಕೊಂದು ಡಿಜಿಟಲ್ ಸಹಿ ಹಾಕು" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಡಿಜಿಟಲ್ ಸಹಿ ಅಂದರೆ, ಬಿಳಿ ಹಾಳೆ ಮೇಲೆ ರುಜು ಹಾಕಿ, ಸ್ಕ್ಯಾನ್ ಮಾಡಿ, ಕತ್ತರಿಸಿ, ಪತ್ರದ ಕೆಳಗೆ ಅಂಟಿಸುವುದು. ಅದು ಸಹಿಯ ಫೋಟೋ. ಇವತ್ತು ಬಾಡಿಗೆ ಕರಾರಿಗೆ ಅಂಟಿಸಿದ್ದನ್ನು ನಾಳೆ ಸಾಲದ ಪತ್ರಕ್ಕೂ ಅಂಟಿಸಬಹುದು, ಯಾರು ತಡೆಯುತ್ತಾರೆ? ಮೊದಮೊದಲು ನಾನೂ ಹತ್ತಿಪ್ಪತ್ತು ಜನಕ್ಕೆ ಹಾಗೆ ಅಂಟಿಸಿಕೊಟ್ಟಿದ್ದೇನೆ. ತಪ್ಪು ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಿಲ್ಲಿಸಿದೆ, ಎಷ್ಟು ಹಳೇ ಗಿರಾಕಿಯಾದರೂ ಸರಿ.

ನಿಜವಾದ ಡಿಜಿಟಲ್ ಸಹಿ ಹೀಗಲ್ಲ. ಪತ್ರದಲ್ಲಿರುವ ಎಲ್ಲ ಅಕ್ಷರವನ್ನೂ ಲೆಕ್ಕಕ್ಕೆ ಹಾಕಿ ಕಂಪ್ಯೂಟರ್ ಒಂದು ಉದ್ದನೆಯ ಗುರುತು ತೆಗೆಯುತ್ತೆ. ಹ್ಯಾಶ್ ಅನ್ನುತ್ತಾರೆ. ಆ ಗುರುತಿಗೆ ನಿಮ್ಮ ಹತ್ತಿರ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಬೀಗ ಬೀಳುತ್ತೆ. ಅದಕ್ಕೆ ಜೋಡಿಯಾದ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ತೆರೆದು ತಾಳೆ ನೋಡಬಹುದು. ನಂಬದ ಗಿರಾಕಿಗಳಿಗೆ ನಾನು ಅಂಗಡಿಯಲ್ಲೇ ತೋರಿಸುತ್ತೇನೆ. ಒಂದು ಕರಾರಿನಲ್ಲಿ ಹನ್ನೊಂದು ಸಾವಿರ ಅಂತ ಹೊಡೆದು ಹ್ಯಾಶ್ ತೆಗೆಯುವುದು. ಅಂಕಿಯ ಕೊನೆಗೆ ಒಂದೇ ಒಂದು ಸೊನ್ನೆ ಸೇರಿಸಿ ಮತ್ತೆ ತೆಗೆಯುವುದು. ಅರವತ್ತನಾಲ್ಕು ಅಕ್ಷರದ ಸಾಲು ಪೂರ್ತಿ ಬೇರೆಯಾಗಿಬಿಡುತ್ತೆ, ಅಲ್ಲೊಂದು ಇಲ್ಲೊಂದು ಅಕ್ಷರ ಅಲ್ಲ. ಒಬ್ಬ ಹುಣಸೆಹಣ್ಣಿನ ವ್ಯಾಪಾರಿ ಇದನ್ನು ನೋಡಿ, "ನಮ್ಮ ತಕ್ಕಡಿಗಿಂತ ಚೂಟಿ" ಅಂದರು.

ಈಗ ಆ ಗುಟ್ಟಿನ ಕೀಲಿಯ ಗತಿ ಕೇಳಿ. ಕಂಟ್ರಾಕ್ಟರ್‌ಗಳು, ಸಂಘದ ಕಾರ್ಯದರ್ಶಿಗಳು ಟೆಂಡರಿಗೆ, ಲೆಕ್ಕಪತ್ರಕ್ಕೆ ಡಿಜಿಟಲ್ ಸಹಿ ಮಾಡಿಸಿಕೊಂಡಿರುತ್ತಾರೆ. ಪೆನ್ ಡ್ರೈವ್ ಥರ ಇರುವ ಟೋಕನ್ ಅದು. ಅದನ್ನು ನನ್ನ ಅಂಗಡಿಯಲ್ಲೇ ಬಿಟ್ಟು ಹೋಗುತ್ತಾರೆ! ಮೇಲೆ ಒಂದು ಚೀಟಿ, ಚೀಟಿಯಲ್ಲಿ ಪಿನ್ ನಂಬರ್. "ಬೇಕಾದಾಗ ಫೋನ್ ಮಾಡ್ತೀನಿ, ನೀನೇ ಹಾಕಿಬಿಡು." ಇದೇ ಮನುಷ್ಯನಿಗೆ ಖಾಲಿ ಸ್ಟಾಂಪ್ ಪೇಪರಿಗೆ ರುಜು ಹಾಕಿ ಕೊಡಿ ಅಂದರೆ ಹೊಡೆಯೋಕೆ ಬರುತ್ತಾನೆ. ಆ ಟೋಕನ್ ಸಾವಿರ ಖಾಲಿ ಸ್ಟಾಂಪ್ ಪೇಪರಿಗೆ ಸಮ ಅಂತ ಹೇಳಿದರೆ ನಗುತ್ತಾರೆ. ಕೀಲಿಯನ್ನು ಜೋಪಾನ ಮಾಡುವುದು ಸಹಿ ಪಡೆದವರದೇ ಜವಾಬ್ದಾರಿ ಅಂತ ಅದೇ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತೆ. ನಾಳೆ ನಾನಲ್ಲ ಹಾಕಿದ್ದು ಅಂದರೆ ಕೇಳುವವರು ಯಾರು?

ಆಧಾರ್ ಓಟಿಪಿ ಮೂಲಕ ಮಾಡುವ ಇ-ಸೈನ್ ಕೂಡ 2015ರಿಂದ ಕಾನೂನಿನ ಪ್ರಕಾರವೇ ಇದೆ. ಟೋಕನ್ ಬೇಡ, ಫೋನ್ ಸಾಕು. ನನಗೆ ಅದು ಒಳ್ಳೆಯದು ಅನ್ನಿಸುತ್ತೆ. ಆದರೆ ಓಟಿಪಿಯನ್ನು ಜೋರಾಗಿ ಕೂಗಿ ಹೇಳುವ ಅಭ್ಯಾಸ ನಮ್ಮ ಜನ ಮೊದಲು ಬಿಡಬೇಕು. ಮೊನ್ನೆ ಒಬ್ಬ ಅಜ್ಜಿ ಇಡೀ ಕ್ಯೂಗೆ ಕೇಳಿಸುವ ಹಾಗೆ ಆರೂ ಅಂಕಿ ಓದಿದರು, ಅದೂ ಎರಡು ಸಲ.

ಎಲ್ಲವನ್ನೂ ಹೀಗೆ ಸಹಿ ಮಾಡೋಕೆ ಬರುವುದಿಲ್ಲ. ಒಬ್ಬ ಹಿರಿಯರು ಬಂದು ಕಂಪ್ಯೂಟರಿನಲ್ಲೇ ವಿಲ್ ಬರೆದು, ಓಟಿಪಿ ಸಹಿ ಹಾಕಿ, ಮಗನಿಗೆ ವಾಟ್ಸಾಪ್ ಮಾಡಿಬಿಡೋಣ ಅಂದರು. ಮಗ ದೂರದ ಊರಲ್ಲಿದ್ದಾನೆ, ಇವರಿಗೆ ಓಡಾಡೋಕೆ ಆಗಲ್ಲ. ವಿಲ್ ಮತ್ತು ಟ್ರಸ್ಟ್ ಪತ್ರ ಈ ಕಾಯ್ದೆಯಿಂದ ಹೊರಗೆ. ವಿಲ್‌ಗೆ ಕಾಗದ ಬೇಕು, ರುಜುವೋ ಹೆಬ್ಬೆಟ್ಟೋ ಬೇಕು, ಇಬ್ಬರು ಸಾಕ್ಷಿ ಬೇಕು. ಜಮೀನು ಮಾರಾಟದ ಕರಾರೂ ಮೊದಲು ಹೊರಗಿತ್ತು. 2022ರಲ್ಲಿ ಆ ಪಟ್ಟಿಯಿಂದ ಅದನ್ನು ತೆಗೆದರು. ಹಾಗಂತ ನೋಂದಣಿ, ಸ್ಟಾಂಪ್ ಶುಲ್ಕ ತಪ್ಪಲಿಲ್ಲ. ಓಟಿಪಿ ಹಾಕಿ ತೋಟ ಮಾರಿಬಿಟ್ಟೆ ಅಂತ ಯಾರೂ ಅಂದುಕೊಳ್ಳಬೇಡಿ.

ಕೋರ್ಟಿನದು ಬೇರೆ ತಮಾಷೆ. ಮೊದಲು ಜಗಳ ಅಂದರೆ ಪ್ರೋನೋಟು. ಈಗ ಜಗಳ ಅಂದರೆ ವಾಟ್ಸಾಪ್. ಅಡ್ವಾನ್ಸ್ ಕೊಟ್ಟಿದ್ದು, ಇಲ್ಲ ಅಂದಿದ್ದು, ಬೈದಿದ್ದು, ಎಲ್ಲಾ ಅದರಲ್ಲೇ. ಜನ ನನ್ನ ಹತ್ತಿರ ಬಂದು ಚಾಟ್ ಪ್ರಿಂಟ್ ತೆಗೆಸಿಕೊಂಡು ವಕೀಲರ ಹತ್ತಿರ ಹೋಗುತ್ತಾರೆ. ಈ ಪ್ರಿಂಟು ಯಾವ ಫೋನಿನಿಂದ, ಹೇಗೆ ತೆಗೆದಿದ್ದು ಅಂತ ಬರೆದು ರುಜು ಹಾಕಿದ ಸರ್ಟಿಫಿಕೇಟ್ ಎಲ್ಲಿ ಅಂತ ವಕೀಲರು ಕೇಳುತ್ತಾರೆ. ಮತ್ತೆ ನನ್ನ ಹತ್ತಿರ ಬರುತ್ತಾರೆ. ಮೊದಲು ಇದು ಸಾಕ್ಷ್ಯ ಕಾಯ್ದೆಯ 65ಬಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಕೊಡುವುದಾದರೆ ಸರ್ಟಿಫಿಕೇಟ್ ಬೇಕೇ ಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಹೇಳಿದೆ. ಮೂಲ ಫೋನನ್ನೇ ಅದರ ಮಾಲೀಕರು ಕೋರ್ಟಿಗೆ ತಂದು ಸಾಕ್ಷಿ ಹೇಳಿದರೆ ಬೇಡ ಅಂತಲೂ ಹೇಳಿದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಕೇಸು ಮುಗಿಯುವ ತನಕ ಫೋನ್ ಮಾರಬೇಡಿ, ಎಕ್ಸ್‌ಚೇಂಜ್ ಆಫರಿಗೆ ಕೊಡಬೇಡಿ, ಚಾಟ್ ಅಳಿಸಬೇಡಿ.

ಹೊಸ ಸರ್ಟಿಫಿಕೇಟಿನ ನಮೂನೆಯಲ್ಲಿ ಎರಡು ಭಾಗ ಇದೆ. ಒಂದು ದಾಖಲೆ ಕೊಡುವವರು ತುಂಬಬೇಕು, ಇನ್ನೊಂದು ತಜ್ಞರು. ಎರಡರಲ್ಲೂ ಹ್ಯಾಶ್ ನಮೂದಿಸಬೇಕು. ಒಬ್ಬ ಗಿರಾಕಿ ಆ ಎರಡನೇ ಭಾಗ ನನ್ನ ಮುಂದೆ ಚಾಚಿ, "ನಿನಗಿಂತ ತಜ್ಞ ಈ ರೋಡಲ್ಲಿ ಯಾರಿದ್ದಾರೆ, ಹಾಕಣ್ಣ ರುಜು" ಅಂದ. ಇಪ್ಪತ್ತೈದು ವರ್ಷ ಕಂಪ್ಯೂಟರ್ ಮುಂದೆ ಕೂತಿದ್ದಕ್ಕೆ ಸಿಕ್ಕ ಒಂದೇ ಬಿರುದು ಅದು. ಆದರೂ ಹಾಕಲಿಲ್ಲ. ಸಣ್ಣ ಊರಿನ ಕೇಸಿಗೆ ಈ ತಜ್ಞರನ್ನು ಎಲ್ಲಿಂದ ತರಬೇಕು, ಎಷ್ಟು ಕೊಡಬೇಕು ಅಂತ ಹೇಳುವವರು ಬೇಕಲ್ಲ? ಐದು ಸಾವಿರದ ಬಾಕಿಗೆ ಹತ್ತು ಸಾವಿರದ ತಜ್ಞ ಬಂದರೆ ಯಾರು ಕೋರ್ಟಿಗೆ ಹೋಗುತ್ತಾರೆ?

ನಾನು ಕೇಳುವುದು ಕಾಯ್ದೆ ಬದಲಾಯಿಸಿ ಅಂತ ಅಲ್ಲ. ಅದು ದೆಹಲಿಯ ಮಾತು, ಮಧುಗಿರಿಯ ಜೆರಾಕ್ಸ್ ಅಂಗಡಿಗೆ ನಿಲುಕಲ್ಲ. ಜಿಲ್ಲೆಯ ಮಟ್ಟದಲ್ಲಿ ಆಗುವ ಕೆಲಸ ಒಂದಿದೆ. ಡಿಜಿಟಲ್ ಸಹಿಯ ದಾಖಲೆಯನ್ನು ಬೇಡ ಅನ್ನುವ ಕೌಂಟರಿನವರು ಯಾಕೆ ಬೇಡ ಅಂತ ಒಂದು ಸಾಲು ಬರೆದು, ದಿನಾಂಕ ಹಾಕಿ ಕೊಡಲಿ. ಆರ್‌ಡಿ ನಂಬರ್ ಹೊಡೆದು ನೋಡಿದೆ, ಸಿಗಲಿಲ್ಲ ಅಂತ ಬರೆದರೆ ನಾವು ಒಪ್ಪುತ್ತೇವೆ. ಸೀಲು ಇಲ್ಲ ಅಂತ ಬರೆದುಕೊಡೋಕೆ ಯಾರಿಗೂ ಧೈರ್ಯ ಬರಲ್ಲ, ನೋಡ್ತಾ ಇರಿ. ಸಕಾಲ ಕಾಯ್ದೆ ಬಂದ ಮೇಲೆ ಅರ್ಜಿ ಹಾಕಿದವರಿಗೆ ಸ್ವೀಕೃತಿ ಚೀಟಿ ಕೊಡುವ ಅಭ್ಯಾಸ ಆಯಿತಲ್ಲ, ಹಾಗೇ ಇದೂ ಒಂದು ಚೀಟಿ. ಜೊತೆಗೆ ಪ್ರವೇಶದ ದಿನಗಳಲ್ಲಿ ಕೌಂಟರಿನಲ್ಲಿ ನಂಬರ್ ಹೊಡೆದು ನೋಡೋಕೆ ಅಂತಲೇ ಒಬ್ಬರನ್ನು ಕೂರಿಸಲಿ. ನೂರಾರು ಅರ್ಜಿ ಇವೆ ಅಂದ ಆ ನೌಕರರಿಗೂ ಉಪಕಾರ ಆಗುತ್ತೆ.

ತಂಗಿ ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಮುಂದಿನ ವರ್ಷ ಸ್ಕಾಲರ್‌ಶಿಪ್ಪಿಗೆ ಮತ್ತೆ ಅದೇ ಕಾಗದ ಬೇಕಾಗಬಹುದು. ಹಸಿರು ಇಂಕಿನ ಆ ಪ್ರತಿಯನ್ನು ಭಾವ ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ಅಸಲಿ ಫೈಲು ಮೆಮೊರಿ ತುಂಬಿತು ಅಂತ ಅವಳ ಫೋನಿನಿಂದ ಅಳಿಸಿ ಹೋಗಿದೆ. ನನ್ನ ಹತ್ತಿರ ಒಂದು ಪ್ರತಿ ಇದೆ.

ಕೊನೆಗೆ ಒಂದು ಪ್ರಕಟಣೆ, ದಯವಿಟ್ಟು ಇದನ್ನು ಕತ್ತರಿಸಬೇಡಿ. ನನ್ನ ಡ್ರಾಯರಿನಲ್ಲಿ ಈಗಲೂ ಮೂರು ಡಿಜಿಟಲ್ ಸಹಿ ಟೋಕನ್ ಬಿದ್ದಿವೆ, ಮೂರಕ್ಕೂ ಪಿನ್ ಚೀಟಿ ಸುತ್ತಿದೆ. ಅದರಲ್ಲಿ ಒಂದಕ್ಕೆ ಕೆಂಪು ರಬ್ಬರ್ ಬ್ಯಾಂಡ್. ಅದರ ಮಾಲೀಕರು ಯಾರು ಅಂತ ನನಗೂ ಮರೆತುಹೋಗಿದೆ. ಸಂಬಂಧಪಟ್ಟವರು ಅಂಗಡಿಗೆ ಬಂದು ತಗೊಂಡು ಹೋಗಲಿ, ಹೋದ ತಕ್ಷಣ ಪಿನ್ ಬದಲಾಯಿಸಿಕೊಳ್ಳಲಿ.

ಇಂತಿ,
ಒಬ್ಬ ಜೆರಾಕ್ಸ್ ಅಂಗಡಿಯವ
ಮಧುಗಿರಿ, ತುಮಕೂರು ಜಿಲ್ಲೆ